ಪಿಕಪ್ ಎತ್ತರಿಸುವ ಕೆಲಸ: ಪಾಟಾ, ಟೈರು, ಬ್ರೇಕು

ಪಿಕಪ್ ವಾಹನವನ್ನು ಎತ್ತರಿಸಲು ಎರಡು ದಾರಿಗಳಿವೆ, ಎರಡರ ಫಲವೂ ಬೇರೆ. ಪಾಟಾ ಅಥವಾ ಸ್ಪ್ರಿಂಗ್ ಬದಲಿಸಿದರೆ ಚಾಸಿ, ಬಾಡಿ ಮೇಲೇರುತ್ತವೆ, ಆಕ್ಸಲ್ ಮಾತ್ರ ಇದ್ದಲ್ಲೇ ಇರುತ್ತದೆ. ಆಕ್ಸಲ್ಲೂ ಅದರ ನಡುವಿನ ಡಿಫರೆನ್ಷಿಯಲ್ ಹೌಸಿಂಗೂ ನೆಲದಿಂದ ಮೇಲೇರಬೇಕಾದರೆ ದೊಡ್ಡ ಟೈರೇ ಬೇಕು. ಸಂಡೂರಿನ ಗಣಿ ದಾರಿಗಳಲ್ಲಿ ಚಕ್ರದ ಎರಡು ಜಾಡುಗಳ ನಡುವೆ ಉಳಿದ ಕಲ್ಲು ಮೊದಲು ತಾಗುವುದು ಈ ಹೌಸಿಂಗಿಗೇ. ಪಾಟಾ ಎಷ್ಟೇ ಎತ್ತರಿಸಿದರೂ ಆ ಪೆಟ್ಟು ತಪ್ಪುವುದಿಲ್ಲ.

ಹೊಸಪೇಟೆ ಸುತ್ತಮುತ್ತ ಪಿಕಪ್ ಎಂದರೆ ಮುಖ್ಯವಾಗಿ ದುಡಿಯುವ ಗಾಡಿ. ಕಂಪ್ಲಿ ಕಡೆ ಭತ್ತ, ಬಾಳೆ ಹೊರುವ ವಾಹನಗಳಿಗೆ ಹಿಂಬದಿಯಲ್ಲಿ ಒಂದು ಪಾಟಾ ಹೆಚ್ಚಿಗೆ ಹಾಕಿಸುವ ರೂಢಿ ಹಳೆಯದು. ದೋಣಿಮಲೈ, ದೇವಗಿರಿ ಕಡೆಯ ಗಣಿಗಳಲ್ಲಿ ಸಿಬ್ಬಂದಿಯನ್ನೂ ಸಾಮಾನನ್ನೂ ಒಟ್ಟಿಗೆ ಒಯ್ಯಲು ಬೊಲೆರೊ ಕ್ಯಾಂಪರ್‌ನಂಥ ಗಾಡಿ ಬೇಕಾಗುತ್ತದೆ. 2016ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ಟೊಯೊಟಾ ಹೈಲಕ್ಸ್ ಭಾರತದ ಮಾರುಕಟ್ಟೆಗೆ ಬಂದ ಮೇಲೆ ಹವ್ಯಾಸಕ್ಕಾಗಿ ಎತ್ತರಿಸುವವರೂ ಹೆಚ್ಚಿದರು. ಎರಡೂ ಬಗೆಯವರ ಅಗತ್ಯ ಬೇರೆ. ಭಾರಕ್ಕಾಗಿ ಹಾಕಿದ ಪಾಟಾ ಖಾಲಿ ಗಾಡಿಯನ್ನು ಎಗರಿಸುತ್ತದೆ. ಎತ್ತರಕ್ಕಾಗಿ ಹೆಚ್ಚು ಬಾಗು ಕೊಟ್ಟು ಮಾಡಿದ ಹೊಸ ಸೆಟ್ ಎತ್ತರದ ಜೊತೆಗೆ ಮೆತ್ತನೆಯ ಓಟವನ್ನೂ ಉಳಿಸಬಲ್ಲದು.

ಹಿಂಬದಿಯನ್ನು ಎತ್ತರಿಸಲು ಮೂರು ಮಾರ್ಗಗಳು ಬಳಕೆಯಲ್ಲಿವೆ. ಪಾಟಾ ಸೇರಿಸುವುದು ಅಥವಾ ಸೆಟ್ ಬದಲಿಸುವುದು ಒಂದು, ಉದ್ದದ ಶ್ಯಾಕಲ್ ಹಾಕುವುದು ಇನ್ನೊಂದು. ಪಾಟಾ ಮತ್ತು ಆಕ್ಸಲ್ ನಡುವೆ ಕಬ್ಬಿಣದ ಬ್ಲಾಕ್ ಇಡುವುದು ಮೂರನೆಯದು. ಬ್ಲಾಕ್ ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಬ್ಲಾಕ್ ದಪ್ಪವಾದಷ್ಟೂ ಜೋರಾಗಿ ಎಳೆಯುವಾಗ ಆಕ್ಸಲ್ ತಿರುಚಿಕೊಂಡು ಪಾಟಾ ಎಸ್ ಆಕಾರಕ್ಕೆ ಬಾಗುತ್ತದೆ. ಒಂದರ ಮೇಲೊಂದು ಬ್ಲಾಕ್ ಪೇರಿಸುವುದಾಗಲಿ, ಮುಂದಿನ ಆಕ್ಸಲ್‌ಗೆ ಬ್ಲಾಕ್ ಇಡುವುದಾಗಲಿ ಅಪಾಯದ ಕೆಲಸ: ಬ್ರೇಕ್ ಹೊಡೆದಾಗ ಬ್ಲಾಕ್ ಜಾರಿದರೆ ಸ್ಟೇರಿಂಗ್ ಹಿಡಿತವೇ ಹೋಗುತ್ತದೆ. ಯಾವ ಮಾರ್ಗ ಹಿಡಿದರೂ ಹಳೆಯ ಯು-ಬೋಲ್ಟ್‌ಗಳನ್ನು ಮತ್ತೆ ಬಳಸಬಾರದು. ಒಮ್ಮೆ ಪೂರ್ತಿ ಬಿಗಿದ ಯು-ಬೋಲ್ಟ್ ಹಿಗ್ಗಿರುತ್ತದೆ, ಎರಡನೇ ಸಲ ಅದೇ ಬಿಗಿ ಹಿಡಿಯುವುದಿಲ್ಲ. ಬಿಗಿ ಸಡಿಲವಾದರೆ ಪಾಟಾಗಳು ಸರಿದಾಡಿ ಸೆಂಟರ್ ಬೋಲ್ಟ್ ತುಂಡಾಗುತ್ತದೆ, ಆಗ ಆಕ್ಸಲ್ ಓರೆಯಾಗುತ್ತದೆ.

ವಿ-ಕ್ರಾಸ್, ಹೈಲಕ್ಸ್‌ಗಳ ಮುಂಬದಿಯಲ್ಲಿ ಪಾಟಾ ಇಲ್ಲ; ಡಬಲ್ ವಿಶ್‌ಬೋನ್ ಮತ್ತು ಕಾಯಿಲ್ ಸ್ಪ್ರಿಂಗ್ ಇವೆ. ಇಲ್ಲಿ ಸ್ಪೇಸರ್ ಅಥವಾ ಉದ್ದದ ಸ್ಪ್ರಿಂಗ್ ಹಾಕಿ ಎತ್ತರಿಸುತ್ತಾರೆ. ಸುಮಾರು ಎರಡು ಇಂಚು ದಾಟಿದರೆ ಡ್ರೈವ್ ಶಾಫ್ಟ್‌ನ ಕೋನ ಕಡಿದಾಗಿ ಸಿವಿ ಜಾಯಿಂಟ್‌ನ ರಬ್ಬರ್ ಬೂಟ್ ಹರಿಯತೊಡಗುತ್ತದೆ, ಬಾಲ್ ಜಾಯಿಂಟ್ ಬೇಗ ಸವೆಯುತ್ತದೆ. ದುಡಿಯುವ ಗಾಡಿಗೆ ಎರಡು ಇಂಚೇ ಮಿತಿ ಎಂದುಕೊಳ್ಳುವುದು ಒಳ್ಳೆಯದು. ಶಾಕ್ ಅಬ್ಸಾರ್ಬರ್ ಹೊಸ ಎತ್ತರಕ್ಕೆ ಸರಿಯಾದ ಉದ್ದದ್ದಾಗಿರಬೇಕು, ಬ್ರೇಕ್ ಹೋಸ್ ಚಕ್ರ ಪೂರ್ತಿ ಕೆಳಗಿಳಿದಾಗಲೂ ಬಿಗಿಯಾಗಬಾರದು. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಕೋನ ಬದಲಾದರೆ ವೇಗದಲ್ಲಿ ನಡುಕ ಬರುತ್ತದೆ, ಕ್ರಾಸ್ ಜಾಯಿಂಟ್ ಸವೆಯುತ್ತದೆ.

ಹೆಚ್ಚಿನವರ ಗಮನಕ್ಕೆ ಬಾರದ ಭಾಗ ಇನ್ನೊಂದಿದೆ. ಹಲವು ಪಿಕಪ್‌ಗಳಲ್ಲಿ ಚಾಸಿ ಮತ್ತು ಹಿಂದಿನ ಆಕ್ಸಲ್ ನಡುವೆ ಒಂದು ಸಣ್ಣ ಸರಳು ಇರುತ್ತದೆ. ಅದು ಭಾರಕ್ಕೆ ತಕ್ಕಂತೆ ಬ್ರೇಕ್ ಹಂಚುವ ವಾಲ್ವ್‌ಗೆ ಸೇರಿದ್ದು. ಲೋಡ್ ಬಿದ್ದು ಹಿಂಬದಿ ಕುಸಿದಾಗ ಸರಳು ವಾಲ್ವನ್ನು ಒತ್ತುತ್ತದೆ, ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಹೋಗುತ್ತದೆ. ಗಾಡಿಯನ್ನು ಎತ್ತರಿಸಿ ಈ ಸರಳನ್ನು ಹಾಗೆಯೇ ಬಿಟ್ಟರೆ, ಲೋಡ್ ತುಂಬಿದ್ದರೂ ವಾಲ್ವ್ ಪಾಲಿಗೆ ಗಾಡಿ ಖಾಲಿಯೇ. ಸಂಡೂರಿನ ಗುಡ್ಡದ ಇಳಿಜಾರಿನಲ್ಲಿ ಆಗ ಭಾರವೆಲ್ಲ ಮುಂದಿನ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ. ಎತ್ತರಿಸಿದಷ್ಟೇ ಅಳತೆಗೆ ಸರಳಿನ ಬ್ರಾಕೆಟ್ ಸರಿಸಿ ಕೊಡುವುದು ಸಣ್ಣ ಕೆಲಸ. ಅದನ್ನು ಕೇಳಿ ಮಾಡಿಸಿಕೊಳ್ಳಬೇಕು.

ಟೈರಿನ ಲೆಕ್ಕ ಸರಳ. ಕ್ಯಾಂಪರ್‌ಗೆ ಬರುವ 235/75 ಆರ್15 ಟೈರಿನ ವ್ಯಾಸ ಸುಮಾರು 733 ಮಿ.ಮೀ. ಅದರ ಬದಲು 31 ಇಂಚಿನ, ಅಂದರೆ 787 ಮಿ.ಮೀ. ಟೈರು ಹಾಕಿದರೆ ವ್ಯಾಸ 54 ಮಿ.ಮೀ. ಹೆಚ್ಚುತ್ತದೆ. ಹೌಸಿಂಗಿಗೆ ಸಿಗುವುದು ಅದರ ಅರ್ಧ, 27 ಮಿ.ಮೀ. ಮಾತ್ರ. ಇಷ್ಟಕ್ಕೆ ತೆರುವ ಬೆಲೆ ಸಣ್ಣದಲ್ಲ. ಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 64ರಲ್ಲಿ ಓಡುತ್ತಿರುತ್ತದೆ. ಪ್ರತಿ ಗೇರಿನ ಎಳೆತವೂ ಶೇ 7ರಷ್ಟು ಇಳಿಯುತ್ತದೆ, ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ಹತ್ತಿಸಬೇಕಾಗಿ ಪ್ಲೇಟ್ ಸುಡುತ್ತದೆ. ಹತ್ತೂವರೆ ಇಂಚು ಅಗಲದ ಈ ಟೈರಿಗೆ ಕನಿಷ್ಠ 7 ಇಂಚಿನ ರಿಮ್ ಬೇಕು. ರಿಮ್ ಹೊರಚಾಚಿದಷ್ಟೂ ಬೇರಿಂಗ್ ಮೇಲಿನ ಹೊರೆ ಹೆಚ್ಚು. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಒಂದು ಬದಿಯ ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ ಟೈರು ಮಡ್‌ಗಾರ್ಡ್‌ಗೆ, ಚಾಸಿಗೆ ತಾಗುತ್ತದೆಯೇ ಎಂದು ನೋಡದೆ ಗ್ಯಾರೇಜ್ ಬಿಡಬಾರದು.

ನೆಲ ಬದಲಾದಂತೆ ಟೈರಿನ ಆಯ್ಕೆಯೂ ಬದಲಾಗುತ್ತದೆ. ಗಣಿ ರಸ್ತೆಗಳಿಗೆ ಧೂಳು ಏಳದಂತೆ ನೀರು ಹೊಡೆಯುತ್ತಾರೆ. ಕೆಂಪು ಧೂಳು ರಾಡಿಯಾಗಿ ಟೈರಿನ ಸಂದುಗಳಲ್ಲಿ ಮೆತ್ತಿಕೊಳ್ಳುತ್ತದೆ, ಅದರಡಿಯಲ್ಲೇ ಚೂಪು ಅದಿರುಕಲ್ಲು ಇರುತ್ತದೆ. ಇಲ್ಲಿ ವ್ಯಾಸಕ್ಕಿಂತ ಗಟ್ಟಿ ಪಕ್ಕಗೋಡೆ ಮುಖ್ಯ. ಕಂಪ್ಲಿಯ ಎರೆ ಮಣ್ಣಿನ ಗದ್ದೆ ದಾರಿ, ಕಾಲುವೆ ಏರಿಗಳಲ್ಲಿ ಮಣ್ಣು ಉದುರಿಸುವ ಅಗಲ ಸಂದಿನ ಬಟನ್ ಟೈರು ಕೆಲಸಕ್ಕೆ ಬರುತ್ತದೆ. ಹೂತಾಗ ಗಾಳಿಯನ್ನು 20 ಪೌಂಡಿನ ಆಸುಪಾಸಿಗೆ ಇಳಿಸುವುದು ಎರಡು ಇಂಚು ಎತ್ತರಕ್ಕಿಂತ ಹೆಚ್ಚು ಸಹಾಯ ಮಾಡುತ್ತದೆ, ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಬೇಕು. ತುಂಗಭದ್ರಾ ಡ್ಯಾಂನಿಂದ ಹೆಚ್ಚು ನೀರು ಬಿಟ್ಟಾಗ ಮುಳುಗುವ ಕಂಪ್ಲಿ–ಗಂಗಾವತಿ ಸೇತುವೆಯನ್ನು ದಾಟಲು ಎತ್ತರದ ಗಾಡಿಯನ್ನೂ ನಂಬಬಾರದು. ಹರಿಯುವ ನೀರು ದೊಡ್ಡ ಟೈರನ್ನು ತೇಲಿಸಿ ತಳ್ಳುತ್ತದೆ. ಹಂಪಿಯ ಬಂಡೆಗಳಂತೂ ಗಾಡಿ ಹತ್ತಿಸಿ ನೋಡುವ ಜಾಗವೇ ಅಲ್ಲ.

ಕಾನೂನಿನ ಮಾತು ಸ್ಪಷ್ಟ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಅದೇ ಮಾದರಿಯ ವಾಹನಕ್ಕೆ ಕಂಪನಿಯೇ ಕೊಡುವ ಟೈರಿನ ಅಳತೆಯೊಳಗೆ ಉಳಿಯುವುದು ಸುರಕ್ಷಿತ. ಹೆಚ್ಚುವರಿ ಪಾಟಾ ಹಾಕಿದ ಮಾತ್ರಕ್ಕೆ ಆರ್‌ಸಿಯಲ್ಲಿರುವ ಭಾರದ ಮಿತಿ ಏರುವುದಿಲ್ಲ. ಮಿತಿ ಮೀರಿದರೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಕೆಎ-35ರ ಹಳದಿ ಬೋರ್ಡ್ ಗಾಡಿ ಹೊಸಪೇಟೆಯಲ್ಲಿ ಎಫ್‌ಸಿಗೆ ನಿಂತಾಗ ಬದಲಾವಣೆಗಳು ಕಣ್ಣಿಗೆ ಬೀಳದೆ ಇರುವುದಿಲ್ಲ. ಅಪಘಾತವಾದರೆ ವಿಮೆಯ ತಕರಾರೂ ಇಲ್ಲಿಂದಲೇ ಶುರುವಾಗುತ್ತದೆ.

ಕೆಲಸ ಮುಗಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿ, ಮೇಲೆ ನೋಡುತ್ತಿರುವ ಹೆಡ್‌ಲೈಟನ್ನು ಕೆಳಗಿಳಿಸಬೇಕು. ಮೊದಲ ಕೆಲವು ನೂರು ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್, ಚಕ್ರದ ನಟ್‌ಗಳನ್ನು ಮತ್ತೊಮ್ಮೆ ಬಿಗಿಸಬೇಕು. ಸ್ಟೆಪ್ನಿಯೂ ಅದೇ ಅಳತೆಯದ್ದಾಗಿರಬೇಕು. ಫೋರ್ ವೀಲ್ ಡ್ರೈವ್‌ನಲ್ಲಿ ಒಂದೇ ಒಂದು ಚಿಕ್ಕ ಟೈರು ಇದ್ದರೂ ಮುಂದಿನ, ಹಿಂದಿನ ಆಕ್ಸಲ್‌ಗಳ ಸುತ್ತು ಹೊಂದದೆ ಟ್ರಾನ್ಸ್‌ಫರ್ ಕೇಸ್ ಮೇಲೆ ಒತ್ತಡ ಬೀಳುತ್ತದೆ. ದೊಡ್ಡ ಸ್ಟೆಪ್ನಿ ಟ್ರೇ ಅಡಿಯ ಹಳೆಯ ಜಾಗದಲ್ಲಿ ಕೂರದಿದ್ದರೆ ಅದಕ್ಕೆ ಟ್ರೇ ಒಳಗೆ ಗಟ್ಟಿಯಾದ ಹಿಡಿಕೆ ಮಾಡಿಸಿ ಬೋಲ್ಟ್ ಹಾಕಿ ಕೂರಿಸಬೇಕಾಗುತ್ತದೆ.