ಒಣಗಿದ ಬೇವಿಗೆ ಕೊಡಲಿ ಹಾಕುವ ಮುನ್ನ

ಬಸವಕಲ್ಯಾಣ, ಹುಮನಾಬಾದಗಳ ಬೇಸಗೆಯನ್ನು ಕಂಡವರಿಗೆ ಬೇವಿನ ನೆರಳಿನ ಬೆಲೆಯನ್ನು ನಾವು ಹೇಳಬೇಕಾದುದಿಲ್ಲ. ಕನ್ನಡದಲ್ಲಿ ಬೇವು, ಮರಾಠಿಯಲ್ಲಿ ಕಡುನಿಂಬ, ಉರ್ದುವಿನಲ್ಲಿ ನೀಮ್, ತೆಲುಗಿನಲ್ಲಿ ವೇಪ ಎಂದು ಆ ಸೀಮೆಯ ನಾಲ್ಕು ನುಡಿಗಳಲ್ಲಿಯೂ ಹೆಸರು ಪಡೆದ ಈ ಮರವು ಹೊಲದ ಬದುವಿನಲ್ಲಿಯೂ ಗುಡಿಯ ಕಟ್ಟೆಯಲ್ಲಿಯೂ ಮನೆಯ ಅಂಗಳದಲ್ಲಿಯೂ ನಿಂತಿದೆ. ಯುಗಾದಿಯಂದು ಅದರ ಹೂವು ಬೆಲ್ಲದೊಡನೆ ನಮ್ಮ ಬಾಯಿಗೆ ಬರುತ್ತದೆ. ಅದರ ಒಣಗಿದ ಎಲೆ ಜೋಳದ ಕಾಳಿನೊಡನೆ ಸೇರಿ ಹುಳುವನ್ನು ದೂರವಿಡುತ್ತದೆ. ಮನೆಮಂದಿಗೆಲ್ಲ ಮದ್ದಾದ ಮರವೇ ರೋಗಕ್ಕೆ ತುತ್ತಾದರೆ ಗೃಹಸ್ಥರು ಮಾಡತಕ್ಕದ್ದೇನು?

ಹುಮನಾಬಾದದಿಂದ ಜಹೀರಾಬಾದಿನ ಹಾದಿ ಹಿಡಿದರೆ ಸಿಕ್ಕುವ ತೆಲಂಗಾಣ ರಾಜ್ಯದಲ್ಲಿ 2021ರ ಮಳೆಗಾಲದ ತರುವಾಯ ಬೇವಿನ ಮರಗಳು ಊರೂರುಗಳಲ್ಲಿ ಬೆಂಕಿ ತಾಕಿದಂತೆ ಕಂದಿ ನಿಂತವು. ನೋಡಿದವರು ಮರವೇ ಸತ್ತಿತೆಂದು ಕಳವಳಗೊಂಡರು. ಆದರೆ ಈ ಬೇನೆ ಅಂದು ಹುಟ್ಟಿದುದಲ್ಲ. ಇದಕ್ಕೆ ಕಾರಣವಾದ ಶಿಲೀಂಧ್ರವನ್ನು, ಎಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಯನ್ನು, ಮೈಸೂರು ವಿಶ್ವವಿದ್ಯಾನಿಲಯದ ಶಾಸ್ತ್ರಜ್ಞರು 1997ರಲ್ಲಿಯೇ ವರ್ಣಿಸಿ, ಬೇವಿನ ಶಾಸ್ತ್ರೀಯ ನಾಮವನ್ನೇ ಸೇರಿಸಿ ‘ಫೋಮಾಪ್ಸಿಸ್ ಅಜಾಡಿರಾಕ್ಟೆ’ ಎಂದು ಹೆಸರಿಟ್ಟಿದ್ದರು.

ಮಳೆಯ ತೇವದಲ್ಲಿ ಇದು ಪ್ರಬಲವಾಗುತ್ತದೆ. ಮೊದಲು ಎಳೆಯ ಕುಡಿಗಳು ಬಾಡುತ್ತವೆ; ಬಳಿಕ ರೆಂಬೆಯು ತುದಿಯಿಂದ ಬುಡದ ಕಡೆಗೆ ಒಣಗುತ್ತ ಬರುತ್ತದೆ. ಹೂಗೊಂಚಲು ಕರಗುತ್ತದೆ, ಹಣ್ಣು ಕೊಳೆಯುತ್ತದೆ. ರಸ ಹೀರುವ ಒಂದು ಬಗೆಯ ತಿಗಣೆಯೂ ಇದೇ ಕಾಲದಲ್ಲಿ ಚಿಗುರನ್ನು ಗಾಯಗೊಳಿಸುವುದುಂಟು.

ಇಲ್ಲಿ ಒಂದು ಭೇದವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮಾಘ, ಫಾಲ್ಗುಣ ಮಾಸಗಳಲ್ಲಿ ಎಲೆ ಹಳದಿಯಾಗಿ ಉದುರಿ, ಬೆನ್ನಿಗೇ ಕೆಂದಳಿರು ಮೂಡುವುದು ಬೇವಿನ ಸಹಜಧರ್ಮ. ಮಳೆಗಾಲದಲ್ಲಿಯೋ ಅದು ಮುಗಿಯುತ್ತಿರುವಾಗಲೋ ಕೊಂಬೆಯ ತುದಿಗಳು ಕಂದು ಬಣ್ಣಕ್ಕೆ ತಿರುಗಿ, ಒಣಗಿದ ಎಲೆಗಳು ಉದುರದೆ ಜೋತು ನಿಂತರೆ ಅದು ರೋಗದ ಲಕ್ಷಣ.

ಯುರೋಪಿನ ಕಾಡುಗಳಲ್ಲಿ ಆ್ಯಶ್ ಎಂಬ ಮರಕ್ಕೂ ಇಂಥದೇ ವಿಪತ್ತು ಒದಗಿದೆ. ಪೂರ್ವ ಏಷ್ಯದಿಂದ ಬಂದ ಬೇರೊಂದು ಶಿಲೀಂಧ್ರದಿಂದ ಅಲ್ಲಿಯ ಮರಗಳು ತುದಿಯಿಂದ ಒಣಗತೊಡಗಿದುದು 1992ರಲ್ಲಿ ಪೋಲೆಂಡ್ ದೇಶದಲ್ಲಿ ಕಂಡುಬಂತು; 2012ರಲ್ಲಿ ಬ್ರಿಟನ್ನಿನಲ್ಲಿಯೂ ಗೋಚರಿಸಿತು. ಲಕ್ಷಾಂತರ ಮರಗಳು ನಷ್ಟವಾದವು. ಆದರೂ ನೂರರಲ್ಲಿ ಕೆಲವು ಮರಗಳು ರೋಗವನ್ನು ಸಹಿಸಿ ನಿಂತವು. ಅಂಥ ಮರಗಳಿಂದ ಬೆಳೆಸಿದ 3000ಕ್ಕೂ ಮಿಕ್ಕಿದ ಸಸಿಗಳನ್ನು ಇಂಗ್ಲೆಂಡಿನ ಹ್ಯಾಂಪ್‌ಶೈರಿನಲ್ಲಿ ನೆಟ್ಟು ಕಾಪಾಡಲಾಗಿದೆ. ರೋಗದ ಭಯದಿಂದ ಎಲ್ಲವನ್ನೂ ಕಡಿದಿದ್ದರೆ ಆ ಬೀಜ ಎಲ್ಲಿಂದ ಬರುತ್ತಿತ್ತು?

ನಮ್ಮ ಬೇವಿನ ಸ್ಥಿತಿ ಅಷ್ಟು ಕಠಿಣವಾದುದಲ್ಲ. ತೆಲಂಗಾಣದಲ್ಲಿ ಒಣಗಿದಂತೆ ಕಂಡ ಮರಗಳಲ್ಲಿ ಬಹಳಷ್ಟು ಮುಂದಿನ ವಸಂತದಲ್ಲಿ ಮರಳಿ ಚಿಗುರಿದವು. ವರ್ಷ ವರ್ಷವೂ ರೋಗ ಮರುಕಳಿಸಿದರೆ ಮಾತ್ರ ಮರವು ಸೊರಗಿ, ಕಡೆಗೆ ಸಾಯಬಹುದು. ಆದುದರಿಂದ ಮೊದಲು ತೊಗಟೆಯನ್ನು ಉಗುರಿನಷ್ಟು ಕೆರೆದು ನೋಡಿರಿ. ಒಳಗೆ ಹಸಿರಿದ್ದರೆ ಮರಕ್ಕೆ ಜೀವವಿದೆ. ಮಳೆಯಿಲ್ಲದ ದಿನ ನೋಡಿ, ಒಣಗಿದ ರೆಂಬೆಗಳನ್ನು ಒಂದು ಗೇಣು ಹಸಿಭಾಗದೊಡನೆ ಕತ್ತರಿಸಿ, ಮರದಿಂದ ದೂರ ಒಯ್ದು ಸುಡಿರಿ. ಬುಡದಲ್ಲಿ ಕಸಕ್ಕೆ ಬೆಂಕಿಯಿಡುವುದು, ಕಾಂಡಕ್ಕೆ ಮೊಳೆ ಹೊಡೆಯುವುದು, ಬೇರಿಗೆ ಉಸಿರಿಲ್ಲದಂತೆ ಸಿಮೆಂಟು ಬಳಿಯುವುದು, ಇವು ಸೊರಗಿದ ಮರವನ್ನು ಇನ್ನಷ್ಟು ಸೊರಗಿಸುತ್ತವೆ. ಹೂವನ್ನೂ ಚಿಗುರನ್ನೂ ತಿನ್ನುವವರು ನಾವೇ ಆದುದರಿಂದ, ಬಲ್ಲವರನ್ನು ಕೇಳದೆ ವಿಷದ ಔಷಧಿ ಸಿಂಪಡಿಸುವುದು ತರವಲ್ಲ.

ಇನ್ನೊಂದು ಕೆಲಸ ಮನೆಯ ಹಿರಿಯರಿಗೂ ಮಕ್ಕಳಿಗೂ ಒಪ್ಪುವಂಥದು. ಈ ರೋಗವು ಬೀಜದೊಡನೆಯೂ ಸಾಗುವುದರಿಂದ, ಸುತ್ತಲಿನ ಮರಗಳು ಕಂದಿದಾಗಲೂ ಹಸಿರಾಗಿ ನಿಂತ ಮರವಾವುದೆಂದು ಗುರುತಿಟ್ಟುಕೊಳ್ಳಿರಿ. ಮಳೆಗಾಲದ ಆರಂಭದಲ್ಲಿ ಅದರ ಮಾಗಿದ ಹಣ್ಣನ್ನು ಆರಿಸಿ, ತಿರುಳನ್ನು ತೊಳೆದು, ತಡಮಾಡದೆ ಬಿತ್ತಿರಿ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕಂದಿದ ಮರಕ್ಕೋ, ಚೈತ್ರದವರೆಗಾದರೂ ಅವಕಾಶ ಕೊಡಿರಿ.