ಟಯರಿನ ಸುದ್ದಿ ಕೈಗೆ ಮುಟ್ಟಬೇಕಾದರೆ

ಓದುಗರೊಬ್ಬರು ಕೇಳಿದ್ದಾರೆ: "ಮಗ ಹಟ ಹಿಡಿದು ರೇಸಿಂಗ್ ಗೇಮಿಗೆಂದು ಲಾಜಿಟೆಕ್ ಜಿ29 ಸ್ಟೀರಿಂಗ್ ಕೊಡಿಸಿಕೊಂಡಿದ್ದಾನೆ. ಫೋರ್ಸ್ ಫೀಡ್‌ಬ್ಯಾಕ್ ನೂರಕ್ಕೆ ನೂರು ಇಟ್ಟಿದ್ದಾನೆ. ತಿರುಗಿಸಲು ಭಾರವೇನೋ ಇದೆ, ಆದರೆ ಕಾರು ಯಾವಾಗ ಜಾರುತ್ತದೆಂದು ಗೊತ್ತೇ ಆಗುವುದಿಲ್ಲವಂತೆ. ಇನ್ನೂ ಶಕ್ತಿಯದನ್ನು ಕೊಡಿಸಬೇಕೆ?"

ಬೇಡ. ಮೊದಲು ಆ ನೂರನ್ನು ಇಳಿಸಲಿ.

ಟಯರಿನ ಬಲವನ್ನು ಮೋಟರಿನಿಂದ ಕೈಗೆ ತಾಗಿಸುವ ಇಂಥ ಸ್ಟೀರಿಂಗ್ ಮಾರುವವರು ನ್ಯೂಟನ್ ಮೀಟರಿನ ಲೆಕ್ಕದಲ್ಲೇ ಮಾತಾಡುತ್ತಾರೆ. ಜಿ29 ಕೊಡುವುದು ಸುಮಾರು 2 ನ್ಯೂಟನ್ ಮೀಟರ್ ತಿರುಚುಬಲ. ಫನಾಟೆಕ್‌ನ ಸಿಎಸ್‌ಎಲ್ ಡಿಡಿ 5 ಅಥವಾ 8, ಸಿಮ್ಯೂಕ್ಯೂಬ್ 2 ಪ್ರೊ 25. ಸಂಖ್ಯೆ ಏರಿದಂತೆ ಬೆಲೆ ಏರುತ್ತದೆ, ಬೆಲೆ ಏರಿದಂತೆ ಅನುಭವವೂ ಏರುತ್ತದೆಂಬ ನಂಬಿಕೆ ಬೆಳೆಯುತ್ತದೆ. ಆದರೆ ಚಾಲಕನಿಗೆ ಬೇಕಾದದ್ದು ಭಾರವಲ್ಲ, ಭಾರದಲ್ಲಾಗುವ ಬದಲಾವಣೆ. ಅದರಲ್ಲೂ ಅತ್ಯಂತ ಬೆಲೆಬಾಳುವ ಸುದ್ದಿ ಬರುವುದು ಸ್ಟೀರಿಂಗ್ ಹಗುರಾಗುವಾಗ. ಯಾಕೆಂದು ತಿಳಿಯಲು ಟಯರಿನ ಅಡಿಗೇ ಹೋಗಬೇಕು.

ಓಡುವ ಕಾರಿನ ಮುಂದಿನ ಚಕ್ರವನ್ನು ತುಸು ತಿರುಗಿಸಿದರೆ, ಟಯರು ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ನಡುವೆ ಸಣ್ಣ ಕೋನವೊಂದು ಉಂಟಾಗುತ್ತದೆ. ಇದೇ ಸ್ಲಿಪ್ ಆ್ಯಂಗಲ್. ನೆಲಕ್ಕೆ ತಾಗಿರುವ ಅಂಗೈಯಗಲದ ರಬ್ಬರಿನಲ್ಲಿ ಮುಂಭಾಗಕ್ಕೆ ಆಗಷ್ಟೇ ಬಂದ ರಬ್ಬರು ನೆಟ್ಟಗಿರುತ್ತದೆ. ಹಿಂದಕ್ಕೆ ಸಾಗಿದಂತೆ ಅದು ಪಕ್ಕಕ್ಕೆ ಜಗ್ಗಿಕೊಳ್ಳುತ್ತ ಹೋಗುತ್ತದೆ. ಹೀಗಾಗಿ ಕಾರನ್ನು ತಿರುವಿನೊಳಕ್ಕೆ ತಳ್ಳುವ ಪಕ್ಕಬಲದ ದೊಡ್ಡ ಪಾಲು ಹುಟ್ಟುವುದು ಆ ರಬ್ಬರಿನ ಹಿಂಭಾಗದಲ್ಲಿ. ಬಲ ಚಕ್ರದ ನಡುಬಿಂದುವಿಗಿಂತ ಒಂದಿಷ್ಟು ಹಿಂದೆ ಕೆಲಸ ಮಾಡುವುದರಿಂದ ಚಕ್ರವನ್ನು ಮತ್ತೆ ನೆಟ್ಟಗಾಗಿಸಲು ನೋಡುತ್ತದೆ. ಈ ಹಿಂದಿನ ದೂರಕ್ಕೆ ನ್ಯೂಮ್ಯಾಟಿಕ್ ಟ್ರೇಲ್ ಎನ್ನುತ್ತಾರೆ. ಪಕ್ಕಬಲವನ್ನು ಈ ದೂರದಿಂದ ಗುಣಿಸಿದರೆ ಸಿಗುವುದೇ ನಮ್ಮ ಕೈಗೆ ಭಾರವಾಗಿ ತಾಗುವ ತಿರುಚುಬಲ.

ಸ್ಟೀರಿಂಗನ್ನು ಇನ್ನಷ್ಟು ತಿರುಗಿಸಿದರೆ ಹಿಂಭಾಗದ ರಬ್ಬರು ಜಗ್ಗುವ ಮಿತಿ ದಾಟಿ ಜಾರತೊಡಗುತ್ತದೆ. ಮುಂಭಾಗ ಇನ್ನೂ ಬಿಗಿಹಿಡಿದಿರುತ್ತದೆ, ಒಟ್ಟು ಪಕ್ಕಬಲ ಇನ್ನೂ ಏರುತ್ತಿರುತ್ತದೆ. ಆದರೆ ಬಲದ ಕೇಂದ್ರ ಮುಂದಕ್ಕೆ ಸರಿದು ಟ್ರೇಲ್ ಕುಗ್ಗುತ್ತದೆ. ಸಾಮಾನ್ಯ ರಸ್ತೆ ಟಯರಿನಲ್ಲಿ ಸ್ಲಿಪ್ ಆ್ಯಂಗಲ್ ನಾಲ್ಕು ಡಿಗ್ರಿಯ ಆಸುಪಾಸು ತಲುಪಿದಾಗ ತಿರುಚುಬಲ ತುತ್ತತುದಿಗೇರಿ ಇಳಿಯತೊಡಗುತ್ತದೆ. ಪಕ್ಕಬಲ ತುದಿ ಮುಟ್ಟುವುದು ಅದಕ್ಕೂ ಕೆಲವು ಡಿಗ್ರಿ ಆಚೆ. ಅಂದರೆ ಹಿಡಿತ ತಪ್ಪುವ ಮೊದಲೇ ಸ್ಟೀರಿಂಗ್ ಹಗುರಾಗುತ್ತದೆ! ಕಾರು ಜಾರಿದ ಮೇಲೆ ಕಣ್ಣಿಗೆ ಕಾಣುವುದನ್ನು ಕೈ ಅದಕ್ಕೆ ಮುನ್ನವೇ ಹೇಳಿಬಿಡುತ್ತದೆ. ಮುಂಚಕ್ರದ ಜೋಡಣೆಯಲ್ಲಿರುವ ಕ್ಯಾಸ್ಟರ್ ಓರೆಯಿಂದ ಬರುವ ಭಾರ ಹಾಗೇ ಉಳಿಯುವುದರಿಂದ ಸ್ಟೀರಿಂಗ್ ಪೂರ್ತಿ ಸಡಿಲವಾಗುವುದಿಲ್ಲ, ತುಸು ಹಗುರಾಗುತ್ತದೆ ಅಷ್ಟೆ. ಆ ತುಸುವನ್ನು ಹಿಡಿಯುವುದೇ ಒಳ್ಳೆಯ ಚಾಲಕನ ವಿದ್ಯೆ.

ಟಯರು ಹೀಗೆ ಪಕ್ಕಕ್ಕೆ ಜಾರುತ್ತಲೇ ಬಲ ಕೊಡುತ್ತದೆಂಬುದನ್ನು ಫ್ರಾನ್ಸಿನ ಎಂಜಿನಿಯರ್ ಜಾರ್ಜ್ ಬ್ರುಲಿಯೆ 1925ರಲ್ಲಿ ಗುರುತಿಸಿದರು. ಅದನ್ನು ಕಂಪ್ಯೂಟರಿಗೆ ಉಣಿಸಬಲ್ಲ ಸೂತ್ರವಾಗಿ ಕಟ್ಟಿದ ಕೀರ್ತಿ ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಹಾನ್ಸ್ ಪಚೇಕಾ ಅವರದು. ಅವರು ಎಗ್ಬರ್ಟ್ ಬಾಕರ್ ಮತ್ತು ಲಾರ್ಸ್ ನ್ಯೂಬೋರ್ಗ್ ಜೊತೆ 1987ರಲ್ಲಿ ಪ್ರಕಟಿಸಿದ ಸೂತ್ರಕ್ಕೆ 'ಮ್ಯಾಜಿಕ್ ಫಾರ್ಮುಲಾ' ಎಂದೇ ಹೆಸರು ನಿಂತಿತು. ಸೈನ್ ಮತ್ತು ಆರ್ಕ್ ಟ್ಯಾನ್‌ಗಳನ್ನು ಒಂದರೊಳಗೊಂದು ಇಟ್ಟು ಹೆಣೆದ ಈ ಗಣಿತ ಭೌತಶಾಸ್ತ್ರದ ಮೂಲ ನಿಯಮಗಳಿಂದ ಹುಟ್ಟಿದ್ದಲ್ಲ. ಆದರೂ ಅಳತೆಗೆ ಸಿಕ್ಕ ಟಯರಿನ ನಡತೆಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಸಿಮ್ಯುಲೇಟರುಗಳಲ್ಲಿ ಓಡುವ ಎಷ್ಟೋ ಟಯರುಗಳು ಈ ಸೂತ್ರದ ಮಕ್ಕಳು, ಮೊಮ್ಮಕ್ಕಳು.

ಲೆಕ್ಕ ಹಾಕಿದ ಬಲವನ್ನು ಮನುಷ್ಯನ ಕೈಗೆ ದಾಟಿಸುವ ಕಥೆ ಶುರುವಾದದ್ದು ಪರಮಾಣು ಪ್ರಯೋಗಾಲಯದಲ್ಲಿ. ವಿಕಿರಣ ಸೂಸುವ ವಸ್ತುಗಳನ್ನು ಗೋಡೆಯಾಚೆಯಿಂದ ಯಂತ್ರದ ಕೈಗಳಲ್ಲಿ ಎತ್ತಬೇಕಾದವರಿಗೆ ಕಾಡಿದ ತೊಂದರೆ ಒಂದೇ: ಎಷ್ಟು ಬಿಗಿ ಹಿಡಿದಿದ್ದೇವೆಂದು ತಿಳಿಯದು. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ರೇಮಂಡ್ ಗರ್ಟ್ಸ್ 1954ರಲ್ಲಿ ವಿದ್ಯುತ್ ಮೋಟರುಗಳ ಮೂಲಕ ಆಚೆಯ ಪ್ರತಿರೋಧವನ್ನು ಈಚೆಯ ಕೈಗೆ ಮರಳಿಸುವ ಯಂತ್ರ ಕಟ್ಟಿದರು. ಅಲ್ಲಿ ಆಚೆ ನಿಜವಾದ ವಸ್ತುವಿತ್ತು. ಸ್ಟೀರಿಂಗ್ ಆಟದಲ್ಲಿ ಆಚೆ ಇರುವುದು ಬರೀ ಲೆಕ್ಕ. ಅಟಾರಿ ಗೇಮ್ಸ್ 1989ರಲ್ಲಿ ತಂದ 'ಹಾರ್ಡ್ ಡ್ರೈವಿನ್' ಆರ್ಕೇಡ್ ಯಂತ್ರ ಈ ಲೆಕ್ಕವನ್ನು ಜನರ ಕೈಗಿಟ್ಟಿತು. ಅದರ ಕಾರಿನ ಗಣಿತಕ್ಕೆ ನೆರವಾದವರು ವಾಹನ ಚಲನಶಾಸ್ತ್ರದ ತಜ್ಞ ಡಗ್ ಮಿಲಿಕನ್. ಆಟದ ಯಂತ್ರವೊಂದಕ್ಕೆ ನಿಜವಾದ ಎಂಜಿನಿಯರನನ್ನು ಕರೆತಂದ ಆ ನಿರ್ಧಾರವೇ ಇಂದಿನ ಸಿಮ್ಯುಲೇಟರುಗಳಿಗೆ ಅಡಿಪಾಯ ಎಂದು ನಾನು ನಂಬಿದ್ದೇನೆ. ಮೈಕ್ರೋಸಾಫ್ಟಿನ ಸೈಡ್‌ವೈಂಡರ್ ಸ್ಟೀರಿಂಗ್ 1998ರ ಹೊತ್ತಿಗೆ ಇದನ್ನು ಮನೆಯ ಮೇಜಿಗೆ ತಂದಿತು. ಜಿ29 ಬಂದದ್ದು 2015ರಲ್ಲಿ.

ಇನ್ನು ನೂರಕ್ಕೆ ನೂರರ ತೊಂದರೆ. ಯಕ್ಷಗಾನದ ಮೈಕ್‌ಸೆಟ್ಟನ್ನು ನೆನಪಿಸಿಕೊಳ್ಳಿ. ಭಾಗವತರ ಆಲಾಪ, ಮದ್ದಳೆಯ ಮೆಲುನುಡಿ, ಚೆಂಡೆಯ ಅಬ್ಬರ ಮೂರೂ ಒಂದೇ ಆಂಪ್ಲಿಫೈಯರಿನಿಂದ ಬರಬೇಕು. ಬಯಲಿನ ಕಡೆಯ ಸಾಲಿಗೂ ಕೇಳಲೆಂದು ಯಾರೋ ಗುಂಡಿಯನ್ನು ತುದಿಗೆ ತಿರುಗಿಸುತ್ತಾರೆ. ಆಂಪ್ಲಿಫೈಯರಿನ ಶಕ್ತಿಗೆ ಮೇಲ್ಮಿತಿ ಇದೆ. ಮದ್ದಳೆ ಆ ಮಿತಿಯ ಹತ್ತಿರಕ್ಕೆ ಬಂದು ನಿಂತಿತು, ಚೆಂಡೆ ಅದನ್ನು ದಾಟಬೇಕಿತ್ತು, ದಾಟಲಾರದೆ ತಲೆ ಕತ್ತರಿಸಿಕೊಂಡಿತು. ಈಗ ಎಲ್ಲವೂ ಒಂದೇ ಎತ್ತರದ ಗದ್ದಲ. ಸದ್ದು ಹೆಚ್ಚಿತು, ಆದರೆ ಯಾವ ಪೆಟ್ಟು ದೊಡ್ಡದು, ಯಾವುದು ಸಣ್ಣದು ಎಂಬ ಭೇದ ಅಳಿಯಿತು. ಚೆಂಡೆಗಾರ ಕೈ ಹಗುರ ಮಾಡಿದ್ದು ಸಭೆಗೆ ಗೊತ್ತಾಗಲೇ ಇಲ್ಲ. ಅನುಭವಿ ಮೈಕಿನವರು ಮಾಡುವ ಕೆಲಸ ನೇರವಾದದ್ದು: ಆಟ ಶುರುವಾಗುವ ಮೊದಲು ಚೆಂಡೆಯನ್ನು ಜೋರಾಗಿ ಬಾರಿಸಲು ಹೇಳಿ, ಅದು ಒಡೆಯದಂತೆ ಗುಂಡಿ ನಿಲ್ಲಿಸುತ್ತಾರೆ. ದೊಡ್ಡ ಸದ್ದಿಗೆ ಜಾಗ ಉಳಿದರೆ ಸಣ್ಣದಕ್ಕೂ ತನ್ನ ಜಾಗ ಸಿಗುತ್ತದೆ.

ಸ್ಟೀರಿಂಗಿನ ಮೋಟರಿಗೂ ಅದೇ ಮೇಲ್ಮಿತಿ ಇದೆ. ಮಿತಿ ಮುಟ್ಟಿ ಬಲ ಚಪ್ಪಟೆಯಾಗುವುದಕ್ಕೆ ಇಲ್ಲಿಯೂ ಕ್ಲಿಪ್ಪಿಂಗ್ ಎಂದೇ ಹೆಸರು. ವೇಗದ ತಿರುವೊಂದರಲ್ಲಿ ಗೇಮಿನ ಲೆಕ್ಕ ಮೋಟರಿನ ಶಕ್ತಿಯ ಶೇ. 140ರಷ್ಟು ಕೇಳುತ್ತಿದೆ ಎನ್ನಿ. ಮೋಟರು ಕೊಡುವುದು 100. ಟಯರು ಜಾರುವ ಅಂಚಿಗೆ ಬಂದು ಲೆಕ್ಕ 110ಕ್ಕೆ ಇಳಿಯಿತು. ಮೋಟರು ಆಗಲೂ ಕೊಡುವುದು 100. ಟಯರು ಕೂಗಿ ಹೇಳಿದ್ದು ಕೈಗೆ ಮುಟ್ಟಲೇ ಇಲ್ಲ. ಭಾರವಿದ್ದೂ ಜಾರುವುದು ತಿಳಿಯದಿರುವುದಕ್ಕೆ ಕಾರಣ ಇದೇ. ಹಾಗಾಗಿ ಗೇನ್, ಅಂದರೆ ಫೋರ್ಸ್ ಫೀಡ್‌ಬ್ಯಾಕಿನ ಒಟ್ಟು ಪ್ರಮಾಣ, ಹೊಂದಿಸಬೇಕಾದದ್ದು ನಿಧಾನದ ತಿರುವಿನಲ್ಲಲ್ಲ, ವೇಗದ ತಿರುವಿನಲ್ಲಿ. ಗಾಳಿ ಕಾರನ್ನು ನೆಲಕ್ಕೊತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೆಲ್ಜಿಯಂನ ಸ್ಪಾ ಟ್ರ್ಯಾಕಿನ ಓ ರೂಜ್‌ನಲ್ಲಿ ಇಳಿಜಾರು ಮುಗಿದು ಏರು ಶುರುವಾಗುವ ತಗ್ಗು ಇದಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಗಾಳಿಯ ಒತ್ತಡದ ಜೊತೆಗೆ ನೆಲವೇ ಕಾರನ್ನು ಮೇಲಕ್ಕೆ ಒತ್ತುತ್ತದೆ, ಟಯರಿನ ಮೇಲಿನ ಭಾರ ಒಮ್ಮೆಲೇ ಏರುತ್ತದೆ.

ಈಗ ಕೆಲಸಕ್ಕೆ ಬರೋಣ. ಜಿ29 ಮತ್ತು ಇಟಲಿಯ ಕುನೋಸ್ ಸಿಮುಲಾಜಿಯೋನಿ ತಯಾರಿಸಿದ 'ಅಸೆಟ್ಟೋ ಕೊರ್ಸಾ' ಗೇಮನ್ನು ಉದಾಹರಣೆಗೆ ಹಿಡಿಯುತ್ತೇನೆ. ಬೇರೆ ಗೇಮುಗಳಲ್ಲಿ ಹೆಸರು ಬದಲಾಗಬಹುದು, ತತ್ವ ಬದಲಾಗದು.

ಸ್ಟೀರಿಂಗನ್ನು ಅಲುಗಾಡದ ಮೇಜಿಗೆ ಬಿಗಿಯಾಗಿ ಕಚ್ಚಿಸಿ. ಮೇಜು ಅಲುಗಿದರೆ ಮೋಟರಿನ ಶ್ರಮ ಮೇಜಿಗೆ ಹೋಗುತ್ತದೆ. ಲಾಜಿಟೆಕ್‌ನ ಜಿ ಹಬ್ ತಂತ್ರಾಂಶದಲ್ಲಿ ತಿರುಗುವ ವ್ಯಾಪ್ತಿ 900 ಡಿಗ್ರಿ ಇರಲಿ, ಅಂದರೆ ಈ ತುದಿಯಿಂದ ಆ ತುದಿಗೆ ಎರಡೂವರೆ ಸುತ್ತು. ಗೇಮಿನಲ್ಲಿಯೂ ಅದೇ ಸಂಖ್ಯೆ ಇರಲಿ. ಸೆನ್ಸಿಟಿವಿಟಿ 50ರಲ್ಲೇ ಇರಲಿ, ಕೈ ತಿರುಗಿದಷ್ಟೇ ಚಕ್ರ ತಿರುಗುವುದು ಅಲ್ಲಿ. ಸ್ಟೀರಿಂಗನ್ನು ಸದಾ ನಡುವಿಗೆ ಎಳೆಯುವ ಸೆಂಟರಿಂಗ್ ಸ್ಪ್ರಿಂಗನ್ನು ಆರಿಸಿಬಿಡಿ.

ಈ ಸ್ಪ್ರಿಂಗಿನ ಬಗ್ಗೆ ಎರಡು ಮಾತು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅರ್ನ್ಸ್ಟ್ ಹೈನ್ರಿಚ್ ವೇಬರ್ ಹತ್ತೊಂಬತ್ತನೆಯ ಶತಮಾನದಲ್ಲೇ ಒಂದು ಸತ್ಯ ಕಂಡುಕೊಂಡರು: ಕೈಯಲ್ಲಿರುವ ಭಾರ ಹೆಚ್ಚಿದಷ್ಟೂ, ವ್ಯತ್ಯಾಸ ಗೊತ್ತಾಗಲು ಬದಲಾವಣೆಯೂ ಹೆಚ್ಚಬೇಕು. ಹಗುರ ಭಾರದಲ್ಲಿ ತಿಳಿಯುವ ಬದಲಾವಣೆ ದೊಡ್ಡ ಭಾರದಲ್ಲಿ ಮುಳುಗಿಹೋಗುತ್ತದೆ. ಟಯರಿಗೆ ಸಂಬಂಧವೇ ಇಲ್ಲದ ಸ್ಪ್ರಿಂಗ್ ಸುಮ್ಮನೆ ಹೊರೆ ಸೇರಿಸಿ, ಟಯರು ತರುವ ಸಣ್ಣ ಬದಲಾವಣೆಯನ್ನು ಕೈಯ ಗ್ರಹಿಕೆಯಿಂದ ಹೊರಗಿಡುತ್ತದೆ.

ಇನ್ನು ಗೇನ್. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕಾರು, ಒಂದು ಟ್ರ್ಯಾಕ್ ಆರಿಸಿಕೊಳ್ಳಿ. ಅಸೆಟ್ಟೋ ಕೊರ್ಸಾದಲ್ಲಿ ಪೆಡಲುಗಳ ಪಟ್ಟಿಯ ಜೊತೆಗೇ ಬಲದ ಪಟ್ಟಿಯೊಂದು ಪರದೆಯ ಮೇಲೆ ಕಾಣುತ್ತದೆ, ಮಿತಿ ಮುಟ್ಟಿದಾಗ ಕೆಂಪಾಗುತ್ತದೆ. ಉದ್ದನೆಯ ವೇಗದ ತಿರುವಿನಲ್ಲಿ ಅದು ಕೆಂಪಾಗೇ ನಿಂತರೆ ಗೇನ್ ಇಳಿಸಿ. ಟ್ರ್ಯಾಕಿನ ಅಂಚಿನ ಕರ್ಬ್ ಏರಿದಾಗ ಕ್ಷಣಕಾಲ ಕೆಂಪಾದರೆ ಚಿಂತೆಯಿಲ್ಲ. ಐರೇಸಿಂಗ್ ಎಂಬ ಗೇಮಿನಲ್ಲಿ ಕೆಲವು ಸುತ್ತು ಓಡಿಸಿದ ಮೇಲೆ ಬಲವನ್ನು ತಾನೇ ಹೊಂದಿಸುವ ಆಟೊ ಗುಂಡಿಯೂ ಇದೆ. ಕಾರು ಬದಲಾದರೆ ಈ ಕೆಲಸ ಮತ್ತೆ ಮಾಡಬೇಕು. ಹಳೆಯ ಚಿಕ್ಕ ಫಿಯಟ್ಟಿಗೂ ಜಿಟಿ3 ರೇಸ್ ಕಾರಿಗೂ ಒಂದೇ ಗೇನ್ ಒಗ್ಗುವುದಿಲ್ಲ.

ಜಿ29ರಲ್ಲಿ ಮೋಟರು ಹಲ್ಲುಗಾಲಿಗಳ ಮೂಲಕ ಸ್ಟೀರಿಂಗನ್ನು ತಿರುಗಿಸುತ್ತದೆ. ಅವುಗಳ ಘರ್ಷಣೆಯನ್ನು ಮೀರದ ಸಣ್ಣ ಬಲ ಕೈವರೆಗೆ ಬರುವುದೇ ಇಲ್ಲ, ನಟ್ಟನಡುವೆ ಸ್ಟೀರಿಂಗ್ ಸತ್ತಂತಿರುತ್ತದೆ. ಇದಕ್ಕೆ ಮದ್ದು ಸಣ್ಣ ಬಲವನ್ನು ಎತ್ತಿ ಕೊಡುವ ಮಿನಿಮಮ್ ಫೋರ್ಸ್. ನೇರ ರಸ್ತೆಯಲ್ಲಿ ಸ್ಟೀರಿಂಗ್ ತಾನಾಗಿ ಕಟಕಟ ಅಲುಗುವವರೆಗೆ ಇದನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಅಲುಗಾಟ ನಿಲ್ಲುವಷ್ಟು ಹಿಂದೆ ಬನ್ನಿ. ಅಸೆಟ್ಟೋ ಕೊರ್ಸಾದಲ್ಲಿ ನಿಮ್ಮದೇ ಸ್ಟೀರಿಂಗಿನ ಅಳತೆ ತೆಗೆದು ಲಟ್ ಎಂಬ ತಿದ್ದುಪಟ್ಟಿ ಮಾಡಿಕೊಂಡು ಇನ್ನೂ ನಯವಾಗಿಸಬಹುದು. ಚಲನೆಗೆ ತಡೆಯೊಡ್ಡುವ ಡ್ಯಾಂಪಿಂಗ್ ಮತ್ತು ಬಲದ ಏರಿಳಿತ ನಯಗೊಳಿಸುವ ಫಿಲ್ಟರ್ ಹಲ್ಲುಗಾಲಿಯ ಸ್ಟೀರಿಂಗಿಗೆ ಸೊನ್ನೆಯ ಹತ್ತಿರವಿರಲಿ, ಘರ್ಷಣೆಯೇ ಬೇಕಾದಷ್ಟು ಇದೆ. ಮೋಟರಿನ ದಂಡಕ್ಕೇ ನೇರ ಜೋಡಿಸಿದ ಡೈರೆಕ್ಟ್ ಡ್ರೈವ್ ಸ್ಟೀರಿಂಗಿನಲ್ಲಿ ಮಾತ್ರ ತುಸು ಡ್ಯಾಂಪಿಂಗ್ ಬೇಕು. ಲೆಕ್ಕ ಹಾಕಿ ಬಲ ಕಳಿಸುವಷ್ಟರಲ್ಲಿ ಸ್ವಲ್ಪ ತಡವಾಗುವುದರಿಂದ, ಕೈಬಿಟ್ಟರೆ ಸ್ಟೀರಿಂಗ್ ಆ ಕಡೆ ಈ ಕಡೆ ಬೀಸಾಡತೊಡಗುತ್ತದೆ.

ಕರ್ಬ್, ರೋಡ್, ಸ್ಲಿಪ್ ಎಫೆಕ್ಟ್ ಎಂಬ ಹೆಸರಿನವು ಟಯರಿನ ಲೆಕ್ಕದ ಮೇಲೆ ಹೊರಗಿನಿಂದ ಸೇರಿಸಿದ ಅಲುಗಾಟ. ಮೊದಲ ದಿನ ರೋಮಾಂಚನ ಕೊಡುತ್ತವೆ, ಆಮೇಲೆ ಅಸಲಿ ಸುದ್ದಿಯನ್ನು ಮುಚ್ಚುತ್ತವೆ. ಅವನ್ನು ಸೊನ್ನೆಗಿಳಿಸಿಯೇ ಕಲಿಯಿರಿ ಎಂಬುದು ನನ್ನ ಮಾತು. ಸಿಮ್ಯುಲೇಟರಿನಲ್ಲಿ ಮೈಗೆ ತಿರುವಿನ ಒತ್ತಡವಿಲ್ಲ, ಬೆನ್ನಿಗೆ ಹಿಂಚಕ್ರದ ಸೂಚನೆಯಿಲ್ಲ. ಇರುವುದು ಕಣ್ಣು, ಕಿವಿ ಮತ್ತು ಈ ಒಂದು ತಿರುಚುಬಲ. ಅದನ್ನು ಕಲಬೆರಕೆ ಮಾಡಬಾರದು.

ಹಾಗಾದರೆ ದುಬಾರಿ ಸ್ಟೀರಿಂಗಿನಲ್ಲಿ ಹುರುಳಿಲ್ಲವೆ? ಇದೆ. ಡೈರೆಕ್ಟ್ ಡ್ರೈವ್‌ನಲ್ಲಿ ಹಲ್ಲುಗಾಲಿಯ ಸಡಿಲವಿಲ್ಲ, ಘರ್ಷಣೆ ಅತ್ಯಲ್ಪ, ಮೇಲ್ಮಿತಿ ಎತ್ತರದಲ್ಲಿದೆ. 8 ನ್ಯೂಟನ್ ಮೀಟರಿನ ಸ್ಟೀರಿಂಗನ್ನು ಅರ್ಧ ಶಕ್ತಿಯಲ್ಲಿ ಓಡಿಸುವವನಿಗೆ ಕ್ಲಿಪ್ಪಿಂಗಿನ ಕಾಟ ಬಹಳ ಕಡಿಮೆ. ದುಡ್ಡು ಕೊಡುವುದು ಆ ನಯಕ್ಕೆ ಮತ್ತು ಆ ಉಳಿಕೆ ಜಾಗಕ್ಕೆ, ತೋಳಿನ ಸಾಹಸಕ್ಕಲ್ಲ. ಪವರ್ ಸ್ಟೀರಿಂಗ್ ಇರುವ ನಮ್ಮ ರಸ್ತೆಯ ಕಾರುಗಳೂ ಸಾಮಾನ್ಯ ಓಟದಲ್ಲಿ ಕೇಳುವುದು ಕೆಲವೇ ನ್ಯೂಟನ್ ಮೀಟರ್.

ಇದು ಬರೀ ಆಟವೆಂದು ತಳ್ಳಿಹಾಕಲೂಬೇಡಿ. ಅಮೆರಿಕದ ವಿಲಿಯಂ ಬೈರನ್ ರೇಸಿಂಗ್ ಕಲಿಯತೊಡಗಿದ್ದು ಮನೆಯಲ್ಲಿ ಕೂತು ಐರೇಸಿಂಗ್ ಆಡುತ್ತ. 2024ರಲ್ಲಿ ಅವರು ನಿಜವಾದ ಕಾರಿನಲ್ಲಿ ಡೇಟೋನ 500 ರೇಸ್ ಗೆದ್ದರು, 2025ರಲ್ಲಿ ಮತ್ತೆ ಗೆದ್ದರು.

ಕೊನೆಯದಾಗಿ ಒಂದು ಎಚ್ಚರಿಕೆ. ಡೈರೆಕ್ಟ್ ಡ್ರೈವ್ ಸ್ಟೀರಿಂಗ್ ಆಟಿಕೆಯಲ್ಲ, ತಿರುಗುವ ಯಂತ್ರ. ಕಾರು ಗೋಡೆಗೆ ಬಡಿದಾಗ ಅದು ಝಾಡಿಸುವ ಪೆಟ್ಟಿಗೆ ಹೆಬ್ಬೆರಳು, ಮಣಿಕಟ್ಟು ಉಳುಕಬಹುದು. ಹೆಬ್ಬೆರಳನ್ನು ಅಡ್ಡಪಟ್ಟಿಯೊಳಕ್ಕೆ ಸಿಕ್ಕಿಸಬೇಡಿ, ಡಿಕ್ಕಿ ಖಚಿತವೆನಿಸಿದೊಡನೆ ಕೈ ಬಿಡಿ. ಚಿಕ್ಕ ಮಕ್ಕಳು ಕೂರುವ ಮುನ್ನ ಗೇನ್ ಇಳಿಸಿಡಿ, ತುರ್ತು ನಿಲುಗಡೆಯ ಗುಂಡಿ ಇದ್ದರೆ ಅದನ್ನು ಕೈಗೆಟಕುವಂತೆ ಇಡಿ.