ಸಾರ್ವಜನಿಕ ಹಿತಾಸಕ್ತಿ ವಕೀಲಿಕೆ: ಬೆಂಗಳೂರಿನ ನ್ಯಾಯವಾದಿಯ ಕೆಲಸ, ಜಗಳೂರಿನ ಹೆಣ್ಣುಮಗುವಿನ ಹಕ್ಕು

'ಸಾರ್ವಜನಿಕ ಹಿತಾಸಕ್ತಿ ಅರ್ಜಿ' ಎಂಬ ಮಾತು ದಿನಪತ್ರಿಕೆಗಳಲ್ಲಿ ಆಗಾಗ ಕಾಣಸಿಗುತ್ತದೆ. ರಾಜಕಾರಣಿಗಳ ಮೇಲಿನ ಆರೋಪ, ಗಣಿಗಾರಿಕೆ, ಕೆರೆ ಒತ್ತುವರಿ ಮುಂತಾದ ದೊಡ್ಡ ಸುದ್ದಿಗಳ ಜೊತೆಗೇ ಅದು ಬರುವುದರಿಂದ, ಇದು ನಮಗೆ ಸಂಬಂಧಿಸಿದ ವಿಷಯವಲ್ಲ ಎಂದು ಅನೇಕರು ಪುಟ ಮಗುಚುತ್ತಾರೆ. ಆದರೆ ನಮ್ಮ ಮಕ್ಕಳು ಶಾಲೆಯಲ್ಲಿ ಉಣ್ಣುವ ಬಿಸಿಯೂಟದಿಂದ ಹಿಡಿದು ಹೆಣ್ಣುಮಕ್ಕಳ ಮದುವೆಯ ವಯಸ್ಸಿನವರೆಗೆ ಹಲವು ಸಂಗತಿಗಳ ಹಿಂದೆ ಇಂತಹ ಅರ್ಜಿಗಳೂ, ಅವುಗಳಿಗಾಗಿ ದುಡಿದ ವಕೀಲರೂ ಇದ್ದಾರೆ.

ಈ ವಕೀಲಿಕೆ ಎಂತಹದು ಎಂಬುದನ್ನು ಬೆಂಗಳೂರಿನ ಹಿರಿಯ ನ್ಯಾಯವಾದಿ ಜಯನಾ ಕೊಠಾರಿ ಅವರ ವೃತ್ತಿಜೀವನದ ಮೂಲಕ ವಿವರಿಸಲು ಇಲ್ಲಿ ಪ್ರಯತ್ನಿಸಿದ್ದೇವೆ. ಅದರ ಫಲವನ್ನು ಅಳೆಯಲು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲೂಕುಗಳನ್ನು ಆರಿಸಿಕೊಂಡಿದ್ದೇವೆ. ಶಿವಮೊಗ್ಗ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಸೇರಿದ ಈ ಭಾಗದ ಬದುಕು ನಮ್ಮ ಕರಾವಳಿಯ ಬದುಕಿಗಿಂತ ಬೇರೆ. ಕಾನೂನು ನಿಜವಾಗಿ ಎಲ್ಲಿಯವರೆಗೆ ತಲುಪುತ್ತದೆ ಎಂಬುದು ಇಂತಹ ಊರುಗಳಲ್ಲೇ ಗೊತ್ತಾಗುವುದು.

ನಾಲ್ಕು ತಾಲೂಕು, ಒಂದೇ ಚಿಂತೆ

1997ರ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದ, ಜಗಳೂರು ಚಿತ್ರದುರ್ಗ ಜಿಲ್ಲೆಯಿಂದ ಬಂದು ಸೇರಿದವು. ನ್ಯಾಮತಿ ಆ ಬಳಿಕ ಹೊನ್ನಾಳಿಯಿಂದ ಬೇರ್ಪಟ್ಟ ತಾಲೂಕು. ಚನ್ನಗಿರಿಯಲ್ಲಿ ಸೂಳೆಕೆರೆ ಎಂದೇ ಹೆಸರಾದ ಶಾಂತಿಸಾಗರವಿದೆ, ಅಡಿಕೆ ತೋಟಗಳಿವೆ. ಹೊನ್ನಾಳಿ ತುಂಗಭದ್ರೆಯ ದಡದ ಊರು. ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪವು ಬಂಜಾರ ಸಮುದಾಯದ ಸಂತ ಸೇವಾಲಾಲರ ಜನ್ಮಸ್ಥಳವಾಗಿ ದೇಶದೆಲ್ಲೆಡೆಯ ಭಕ್ತರನ್ನು ಸೆಳೆಯುತ್ತದೆ. ಜಗಳೂರು ಮಾತ್ರ ಮಳೆಯನ್ನೇ ನಂಬಿದ, ಬರವನ್ನು ಮತ್ತೆ ಮತ್ತೆ ಕಂಡ ಸೀಮೆ.

ಮಳೆ ಕೈಕೊಟ್ಟಾಗ ಇಲ್ಲಿನ ಬಡ ಕುಟುಂಬಗಳು ಕಾಫಿ ತೋಟಗಳಿಗೆ, ಕಬ್ಬು ಕಡಿಯುವ ಕೆಲಸಕ್ಕೆ, ನಗರದ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಬೆಳೆದ ಮಗಳನ್ನು ಯಾರ ಬಳಿ ಬಿಟ್ಟುಹೋಗುವುದು ಎಂಬ ಆತಂಕ ಆಗ ಎದುರಾಗುತ್ತದೆ. ಒಂದು ಮದುವೆ ಮಾಡಿ ಕಳಿಸಿಬಿಟ್ಟರೆ ಜವಾಬ್ದಾರಿ ಕಳೆಯಿತು ಎಂದು ತಂದೆತಾಯಿ ಯೋಚಿಸುತ್ತಾರೆ. ಇದು ಒಂದು ಜಾತಿಯ, ಒಂದು ಧರ್ಮದ ಸಮಸ್ಯೆಯಲ್ಲ. ಒಂದು ಜಿಲ್ಲೆಯದೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅಂದರೆ ಐವರಲ್ಲಿ ಒಬ್ಬರಿಗೆ.

ಹೀಗೆ ಮದುವೆಯಾದ ಹದಿನಾರರ ಹುಡುಗಿಯೊಬ್ಬಳು ತನಗೆ ಅನ್ಯಾಯವಾಯಿತು ಎಂದು ಹೈಕೋರ್ಟಿಗೆ ಹೋಗುವುದುಂಟೇ? ದಾವಣಗೆರೆ ಜಿಲ್ಲೆ ಸೇರುವುದು ಹೈಕೋರ್ಟಿನ ಬೆಂಗಳೂರು ಪ್ರಧಾನ ಪೀಠದ ವ್ಯಾಪ್ತಿಗೆ. ಬಸ್ಸಿನ ದುಡ್ಡು, ವಕೀಲರ ಶುಲ್ಕ, ಮನೆಯವರ ಸಿಟ್ಟು ಎಲ್ಲವನ್ನೂ ದಾಟಿ ಅವಳು ಅಲ್ಲಿಗೆ ತಲುಪುವುದು ಅಸಾಧ್ಯವೆಂದೇ ಹೇಳಬೇಕು. ಅವಳ ಪರವಾಗಿ ಬೇರೆ ಯಾರಾದರೂ ಹೋಗಬಹುದೇ? ಸಾರ್ವಜನಿಕ ಹಿತಾಸಕ್ತಿ ವಕೀಲಿಕೆ ಹುಟ್ಟಿದ್ದು ಈ ಪ್ರಶ್ನೆಯಿಂದ.

ಬಾಗಿಲು ತೆರೆದ ಬಗೆ

ಅನ್ಯಾಯಕ್ಕೊಳಗಾದವರು ಮಾತ್ರ ನ್ಯಾಯಾಲಯಕ್ಕೆ ಬರಬೇಕು ಎಂಬುದು ಹಿಂದಿನ ನಿಯಮ. 1979ರಲ್ಲಿ ಕಪಿಲಾ ಹಿಂಗೋರಾಣಿ ಎಂಬ ವಕೀಲೆ, ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದ ಕೈದಿಗಳ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿಯನ್ನು ಆಧರಿಸಿ ಸುಪ್ರೀಂ ಕೋರ್ಟಿನ ಮೊರೆಹೋದರು. ಹುಸೈನಾರಾ ಖಾತೂನ್ ಪ್ರಕರಣವೆಂದು ಹೆಸರಾದ ಅದರಿಂದ ಸಾವಿರಾರು ಕೈದಿಗಳ ಬಿಡುಗಡೆಗೆ ದಾರಿಯಾಯಿತು. ಬಡತನದಿಂದಲೋ ಅಸಹಾಯಕತೆಯಿಂದಲೋ ನ್ಯಾಯಾಲಯಕ್ಕೆ ಬರಲಾಗದವರ ಪರವಾಗಿ ಸದುದ್ದೇಶವುಳ್ಳ ಯಾವ ನಾಗರಿಕನಾದರೂ ಅರ್ಜಿ ಸಲ್ಲಿಸಬಹುದು ಎಂದು 1981ರಲ್ಲಿ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಸ್ಪಷ್ಟಪಡಿಸಿದರು. ಸಂವಿಧಾನದ 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ, 226ನೇ ವಿಧಿಯಡಿ ಹೈಕೋರ್ಟಿಗೆ ಹೀಗೆ ಹೋಗಬಹುದು.

ಈ ದಾರಿಯಲ್ಲಿ ನಡೆದ ಇನ್ನೊಬ್ಬರು ಕಾಲಿನ್ ಗೊನ್ಸಾಲ್ವಿಸ್. ಐಐಟಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಮುಂಬಯಿಯ ಕಾರ್ಮಿಕ ಸಂಘಗಳ ಒಡನಾಟದಿಂದ ಕಾನೂನಿನತ್ತ ಹೊರಳಿದ ಅವರು ಹ್ಯೂಮನ್ ರೈಟ್ಸ್ ಲಾ ನೆಟ್‌ವರ್ಕ್ ಸಂಸ್ಥೆಯ ಸ್ಥಾಪಕರು. ಅವರು ವಾದಿಸಿದ ಆಹಾರ ಹಕ್ಕಿನ ಪ್ರಕರಣದಲ್ಲಿ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಮಧ್ಯಾಹ್ನದ ಊಟ ಕೊಡಬೇಕೆಂದು ಆದೇಶಿಸಿತು. ಆ ಬಳಿಕ ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, 2003ರಲ್ಲಿ ಉಳಿದ ಜಿಲ್ಲೆಗಳಿಗೂ ಹರಡಿತು. ಜಗಳೂರಿನ ಮಗುವಿನ ತಟ್ಟೆಗೂ ದೆಹಲಿಯ ನ್ಯಾಯಾಲಯಕ್ಕೂ ಇರುವ ನಂಟು ಇದು. ಕ್ರೈಸ್ತರ ಮೇಲಿನ ದಾಳಿಗಳ ಕುರಿತು ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಅತಿ ವಂ. ಪೀಟರ್ ಮಚಾದೊ ಮತ್ತಿತರರು ಸಲ್ಲಿಸಿದ ಅರ್ಜಿಯಲ್ಲಿ 2022ರಲ್ಲಿ ವಾದ ಮಂಡಿಸಿದವರೂ ಇವರೇ ಎಂಬುದನ್ನು ಓದುಗರು ನೆನಪಿಸಿಕೊಳ್ಳಬಹುದು.

ಒಂದು ಸಂಸ್ಥೆ ಏಕೆ ಬೇಕು?

ಜಯನಾ ಕೊಠಾರಿ ಅವರು ಬೆಂಗಳೂರಿನ ಯೂನಿವರ್ಸಿಟಿ ಲಾ ಕಾಲೇಜಿನಲ್ಲಿ ಕಾನೂನು ಓದಿ, ಆಕ್ಸ್‌ಫರ್ಡ್‌ನಲ್ಲಿ ಉನ್ನತ ವ್ಯಾಸಂಗ ಮುಗಿಸಿ ಕರ್ನಾಟಕ ಹೈಕೋರ್ಟಿನಲ್ಲಿ ವಕೀಲಿಕೆ ಮಾಡಿದವರು. 2009ರಲ್ಲಿ ಸುಧೀರ್ ಕೃಷ್ಣಸ್ವಾಮಿ ಅವರೊಡನೆ ಬೆಂಗಳೂರಿನಲ್ಲಿ 'ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್' ಎಂಬ ಲಾಭರಹಿತ ಟ್ರಸ್ಟನ್ನು ಹುಟ್ಟುಹಾಕಿ, ಅದರ ಕಾರ್ಯನಿರ್ವಾಹಕ ನಿರ್ದೇಶಕಿಯಾಗಿ ಮುನ್ನಡೆಸಿದರು.

ಒಳ್ಳೆಯ ವಕೀಲರಿಗೆ ಸಂಸ್ಥೆಯ ಅಗತ್ಯವೇನು ಎಂದು ಕೆಲವರು ಕೇಳಬಹುದು. ಸಾಮಾನ್ಯ ಮೊಕದ್ದಮೆಯಲ್ಲಿ ಕಕ್ಷಿದಾರನೇ ದಾಖಲೆ ತಂದುಕೊಡುತ್ತಾನೆ, ಶುಲ್ಕವನ್ನೂ ಕೊಡುತ್ತಾನೆ. ಹಿತಾಸಕ್ತಿ ಅರ್ಜಿಯಲ್ಲಿ ಕಕ್ಷಿದಾರರೆಂದರೆ ಲಕ್ಷಾಂತರ ಮಂದಿ. ಯಾರೂ ಶುಲ್ಕ ಕೊಡುವವರಲ್ಲ. ಅಂಕಿಅಂಶ ಕಲೆಹಾಕಬೇಕು, ಬೇರೆ ರಾಜ್ಯಗಳ ಹಾಗೂ ದೇಶಗಳ ಕಾನೂನು ಓದಬೇಕು, ವರ್ಷಗಟ್ಟಲೆ ನಡೆಯುವ ವಿಚಾರಣೆಗೆ ಪ್ರತಿಸಲ ಹಾಜರಿರಬೇಕು. ಒಬ್ಬ ವ್ಯಕ್ತಿ ಇದನ್ನು ಎರಡು ಮೂರು ಸಲ ಮಾಡಬಹುದು, ಜೀವನಪೂರ್ತಿ ಮಾಡಬೇಕಾದರೆ ಜೊತೆಗಾರರು ಬೇಕೇ ಬೇಕು.

ಕೊಠಾರಿ ಅವರ ಕೆಲಸದ ಕ್ಷೇತ್ರಗಳನ್ನು ನೋಡಿದರೆ ಅಂಗವಿಕಲರು, ಮಕ್ಕಳು, ಮಹಿಳೆಯರು, ಲಿಂಗತ್ವ ಅಲ್ಪಸಂಖ್ಯಾತರು ಹೀಗೆ ದನಿ ಕೇಳಿಸದವರೇ ಅಲ್ಲಿ ಹೆಚ್ಚು. ಭಾರತದಲ್ಲಿ ಅಂಗವಿಕಲರ ಹಕ್ಕಿನ ಕಾನೂನಿನ ಕುರಿತು 2012ರಲ್ಲಿ ಪುಸ್ತಕ ಬರೆದರು. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರಕಾರಿ ಉದ್ಯೋಗದಲ್ಲಿ ಅವಕಾಶ ಕೋರಿ 'ಸಂಗಮ' ಸಂಸ್ಥೆ ಹೈಕೋರ್ಟಿನಲ್ಲಿ ಹೂಡಿದ ಪ್ರಕರಣದಲ್ಲಿ ವಾದ ಮಂಡಿಸಿದವರಲ್ಲಿ ಅವರೂ ಒಬ್ಬರು. ಆ ಪ್ರಕರಣದ ಫಲವಾಗಿ 2021ರಲ್ಲಿ ರಾಜ್ಯ ಸರಕಾರ ನೇಮಕಾತಿ ನಿಯಮ ತಿದ್ದಿ ಶೇ. 1ರ ಮೀಸಲಾತಿ ನೀಡಿತು.

ಎರಡು ಕಾನೂನುಗಳ ನಡುವೆ ಸಿಕ್ಕಿದ ಹುಡುಗಿ

ನಮ್ಮ ನಾಲ್ಕು ತಾಲೂಕುಗಳಿಗೆ ಹೆಚ್ಚು ಹತ್ತಿರವಾದುದು 2017ರ 'ಇಂಡಿಪೆಂಡೆಂಟ್ ಥಾಟ್' ಪ್ರಕರಣ. ಅದಕ್ಕೆ ಮೊದಲು ಕಾನೂನು ಒಂದು ವಿಚಿತ್ರ ಸ್ಥಿತಿಯಲ್ಲಿತ್ತು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದ ಯಾವ ಮಗುವಿನೊಡನೆಯೂ ಲೈಂಗಿಕ ಸಂಪರ್ಕ ಅಪರಾಧ. ಆದರೆ ಭಾರತೀಯ ದಂಡ ಸಂಹಿತೆಯ 375ನೇ ಕಲಮಿನ ವಿನಾಯಿತಿಯೊಂದರ ಪ್ರಕಾರ, ಪತ್ನಿಗೆ 15 ತುಂಬಿದ್ದರೆ ಪತಿಯ ಮೇಲೆ ಅತ್ಯಾಚಾರದ ಆರೋಪ ನಿಲ್ಲುತ್ತಿರಲಿಲ್ಲ. ಕೊರಳಿಗೆ ತಾಳಿ ಬಿದ್ದ ಕೂಡಲೇ ಅದೇ ಮಗುವಿನ ರಕ್ಷಣೆ ಕಳಚಿಬೀಳುತ್ತಿತ್ತು.

ಇದನ್ನು ಪ್ರಶ್ನಿಸಿ ಅರ್ಜಿ ಹಾಕಿದ್ದು ಇಂಡಿಪೆಂಡೆಂಟ್ ಥಾಟ್ ಎಂಬ ಸಂಸ್ಥೆ. 'ಚೈಲ್ಡ್ ರೈಟ್ಸ್ ಟ್ರಸ್ಟ್' ಮಧ್ಯಪ್ರವೇಶ ಅರ್ಜಿ ಸಲ್ಲಿಸಿತು. ಅದರ ಪರ ವಾದಿಸಿದವರು ಜಯನಾ ಕೊಠಾರಿ. ಮಧ್ಯಪ್ರವೇಶವೆಂದರೆ ಬೇರೊಬ್ಬರು ಹೂಡಿದ ಪ್ರಕರಣದಲ್ಲಿ ಅನುಮತಿ ಪಡೆದು ತಮ್ಮ ವಾದವನ್ನೂ ಸೇರಿಸುವುದು. ಹೆಸರು ಅರ್ಜಿದಾರರದ್ದೇ ಆದರೂ ತೀರ್ಪಿಗೆ ಬಲ ಬರುವುದು ಎಲ್ಲರ ದುಡಿಮೆಯಿಂದ. 2017ರ ಅಕ್ಟೋಬರ್ 11ರಂದು ನ್ಯಾಯಮೂರ್ತಿಗಳಾದ ಮದನ್ ಬಿ. ಲೋಕೂರ್ ಮತ್ತು ದೀಪಕ್ ಗುಪ್ತಾ ಆ ವಿನಾಯಿತಿಯ ವಯಸ್ಸನ್ನು 15ರಿಂದ 18ಕ್ಕೆ ಏರಿಸಿ ಓದಬೇಕೆಂದು ತೀರ್ಪಿತ್ತರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ 18 ಎಂದೇ ಬರೆಯಲಾಗಿದೆ.

ಅದೇ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೊಗಳಿಕೆಯೂ ಸಂದಿತು. ಬಾಲ್ಯವಿವಾಹದ ಬಗೆಗಿನ ಹಿತಾಸಕ್ತಿ ಅರ್ಜಿಯೊಂದರಲ್ಲಿ ನಮ್ಮ ಹೈಕೋರ್ಟು ನೀಡಿದ ನಿರ್ದೇಶನದಂತೆ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರ ನೇತೃತ್ವದ ಸಮಿತಿ ರಚನೆಯಾಗಿ 2011ರಲ್ಲಿ ವರದಿ ಕೊಟ್ಟಿತ್ತು. ಕೇಂದ್ರದ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಇಂತಹ ಮದುವೆ ತಾನಾಗಿ ಅಸಿಂಧುವಲ್ಲ. ಮದುವೆಯಾದ ಮಗುವೇ ನ್ಯಾಯಾಲಯಕ್ಕೆ ಹೋಗಿ ರದ್ದುಗೊಳಿಸಿಕೊಳ್ಳಬೇಕು. ಕರ್ನಾಟಕದ ತಿದ್ದುಪಡಿಗೆ 2017ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತ ಮೇಲೆ, ನಮ್ಮ ರಾಜ್ಯದಲ್ಲಿ ಅಂತಹ ಮದುವೆ ಆರಂಭದಿಂದಲೇ ಅಸಿಂಧು. ಇತರ ರಾಜ್ಯಗಳೂ ಇದೇ ಹಾದಿ ಹಿಡಿಯುವುದು ಒಳಿತು ಎಂದು ಸುಪ್ರೀಂ ಕೋರ್ಟು ಅಭಿಪ್ರಾಯಪಟ್ಟಿತು.

ತೀರ್ಪು ಊರಿಗೆ ಬರುವುದು ಹೇಗೆ?

ಇಷ್ಟೆಲ್ಲಾ ಆದ ಮೇಲೂ ಬಾಲ್ಯವಿವಾಹ ನಿಂತಿಲ್ಲ. ವಕೀಲರ ಕೆಲಸ ಮುಗಿಯುವಲ್ಲಿ ಊರಿನವರ ಕೆಲಸ ಆರಂಭವಾಗುತ್ತದೆ. ಆದ್ದರಿಂದ ಧರ್ಮಕೇಂದ್ರಗಳ ಸೇವಾಕರ್ತರು, ಶಿಕ್ಷಕರು, ಸ್ತ್ರೀಸಂಘಟನೆಗಳವರು ಈ ಕೆಳಗಿನ ಸಂಗತಿಗಳನ್ನು ತಿಳಿದಿರಬೇಕು.

ಮೊದಲನೆಯದು, ಈ ಕಾನೂನು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ ಎಂಬುದು. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಮದುವೆ ನಡೆಸಿಕೊಟ್ಟವರಿಗೆ, ಅವರು ಪುರೋಹಿತರಾಗಿರಲಿ ಧರ್ಮಗುರುವಾಗಿರಲಿ, ಎರಡು ವರ್ಷದವರೆಗೆ ಸಜೆ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು ಎಂದು ಕೇಂದ್ರ ಕಾಯ್ದೆ ಹೇಳುತ್ತದೆ. ಮದುವೆಗೆ ಒತ್ತಾಸೆಯಾಗಿ ನಿಂತ ಹಿರಿಯರೂ ಹೊಣೆಗಾರರು. ವಯಸ್ಸಿನ ವಿಷಯದಲ್ಲಿ ಬಾಯಿಮಾತನ್ನು ನಂಬದೆ ಜನನ ಪ್ರಮಾಣಪತ್ರವನ್ನೋ ಶಾಲಾ ದಾಖಲೆಯನ್ನೋ ನೋಡಬೇಕು.

ಎರಡನೆಯದಾಗಿ, ಮದುವೆ ನಿಶ್ಚಯವಾದ ಸುದ್ದಿ ತಿಳಿದೊಡನೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಶಿಶು ಅಭಿವೃದ್ಧಿ ಯೋಜನಾಧಿಕಾರಿ, ತಹಶೀಲ್ದಾರ್, ಪಂಚಾಯತ್ ಅಭಿವೃದ್ಧಿ ಅಧಿಕಾರಿ ಮುಂತಾದವರಿಗೆ ರಾಜ್ಯದಲ್ಲಿ ಬಾಲ್ಯವಿವಾಹ ತಡೆಯುವ ಅಧಿಕಾರವಿದೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಕಾಯ್ದೆಯ 13ನೇ ಕಲಮಿನಡಿ ತಡೆಯಾಜ್ಞೆ ನೀಡಬಹುದು. ಇದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಮೂರನೆಯದು ಉಚಿತ ಕಾನೂನು ನೆರವು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುತ್ತಾರೆ. ದಾವಣಗೆರೆಯ ಜಿಲ್ಲಾ ಪ್ರಾಧಿಕಾರವನ್ನಾಗಲಿ, ತಾಲೂಕು ಸಮಿತಿಯನ್ನಾಗಲಿ, 15100 ಸಹಾಯವಾಣಿಯನ್ನಾಗಲಿ ಸಂಪರ್ಕಿಸಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬಯಸುತ್ತೇವೆ. ಮದುವೆ ನಡೆದುಹೋಗಿ ಹುಡುಗಿ ಗರ್ಭಿಣಿಯಾದರೆ, ಪೊಲೀಸರ ಭಯದಿಂದ ಮನೆಯವರು ಅವಳನ್ನು ಆಸ್ಪತ್ರೆಗೇ ಕರೆದೊಯ್ಯದಿರುವ ಅಪಾಯವಿದೆ. ಕಾನೂನಿನ ಉದ್ದೇಶ ಅವಳ ರಕ್ಷಣೆಯೇ ಹೊರತು ಅವಳನ್ನು ಇನ್ನಷ್ಟು ಕತ್ತಲೆಗೆ ತಳ್ಳುವುದಲ್ಲ. ಮದುವೆ ಅಸಿಂಧುವಾದರೂ ಹುಟ್ಟಿದ ಮಗು ಕಾನೂನುಬದ್ಧ ಸಂತಾನವೇ ಎಂದು ಕಾಯ್ದೆ ಹೇಳುತ್ತದೆ. 2024ರ ಅಕ್ಟೋಬರ್ 18ರಂದು ಬಾಲ್ಯವಿವಾಹದ ಕುರಿತು ಮಾರ್ಗಸೂಚಿ ನೀಡಿದ ಸುಪ್ರೀಂ ಕೋರ್ಟು ಕೂಡ ಶಿಕ್ಷೆಗಿಂತ ಮೊದಲು ತಡೆಗಟ್ಟುವಿಕೆಗೆ, ಸಮುದಾಯದ ಅರಿವಿಗೆ ಒತ್ತು ಕೊಟ್ಟಿದೆ.

ದುರುಪಯೋಗದ ಮಾತು

ಹಿತಾಸಕ್ತಿ ಅರ್ಜಿಗಳು ಪ್ರಚಾರಕ್ಕೂ ವೈಯಕ್ತಿಕ ಹಗೆಗೂ ಬಳಕೆಯಾಗುತ್ತವೆ ಎಂಬ ದೂರಿನಲ್ಲಿ ಸತ್ಯಾಂಶವಿದೆ. ಅರ್ಜಿದಾರರ ಪ್ರಾಮಾಣಿಕತೆಯನ್ನು ಮೊದಲು ಪರಿಶೀಲಿಸಬೇಕು, ಇದಕ್ಕಾಗಿ ಹೈಕೋರ್ಟುಗಳು ನಿಯಮ ರೂಪಿಸಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟು ಸೂಚಿಸಿತು. ಕರ್ನಾಟಕ ಹೈಕೋರ್ಟಿನ ನಿಯಮಗಳು 2018ರಲ್ಲಿ ಬಂದವು. ನಿಜವಾದ ಹಿತಾಸಕ್ತಿ ಅರ್ಜಿಯನ್ನು ಗುರುತಿಸುವುದು ಕಷ್ಟವೇನಲ್ಲ. ಅರ್ಜಿದಾರರಿಗೆ ಅದರಿಂದ ಸ್ವಂತ ಲಾಭವಿರುವುದಿಲ್ಲ, ಸುದ್ದಿ ಹಳತಾದ ಮೇಲೂ ಅವರು ವಿಚಾರಣೆಗೆ ಹೋಗುತ್ತಲೇ ಇರುತ್ತಾರೆ.

ಬೆಂಗಳೂರಿನ ವಕೀಲರು ಸಂವಿಧಾನದ ಮಾತನ್ನು ನ್ಯಾಯಾಲಯದಲ್ಲಿ ಗೆದ್ದುಕೊಡಬಲ್ಲರು. ಜಗಳೂರಿನ ಹಳ್ಳಿಯಲ್ಲಿ ಏಳನೆಯ ತರಗತಿಯ ನಂತರ ಶಾಲೆಗೆ ಬಾರದ ಹುಡುಗಿಯ ಮನೆಯ ಬಾಗಿಲು ತಟ್ಟುವುದು, ತಂದೆತಾಯಿ ಗುಳೆ ಹೋಗುವಾಗ ಅವಳಿಗೊಂದು ಹಾಸ್ಟೆಲ್ ಸೀಟು ಕೊಡಿಸುವುದು ಅವರಿಂದಾಗದು. ಅದನ್ನು ಮಾಡಬೇಕಾದವರು ಅಲ್ಲಿನ ಶಿಕ್ಷಕಿ, ಅಂಗನವಾಡಿ ಕಾರ್ಯಕರ್ತೆ, ಅಲ್ಲಿ ಸೇವೆಯಲ್ಲಿರುವ ಧರ್ಮಭಗಿನಿಯರು ಮತ್ತು ನೆರೆಹೊರೆಯವರು. ನಮ್ಮ ಕರಾವಳಿಯ ಧರ್ಮಕೇಂದ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ಇಲ್ಲಿಗೆ ದುಡಿಯಲು ಬಂದ ವಲಸೆ ಕುಟುಂಬಗಳಲ್ಲೂ ಇಂತಹ ಹೆಣ್ಣುಮಕ್ಕಳಿದ್ದಾರೆ. 1098 ಮತ್ತು 15100 ಈ ಎರಡು ಸಂಖ್ಯೆಗಳನ್ನು ಚರ್ಚಿನ ಸೂಚನಾ ಫಲಕದಲ್ಲಿ ಬರೆದಿಡುವಂತೆ ಎಲ್ಲ ಪಾಲನಾ ಮಂಡಳಿಗಳಲ್ಲಿ ವಿನಂತಿಸುತ್ತೇವೆ.